ಎಡಗೈ ಕಡೆಯ ಸ್ಪ್ರಿಂಗುಗಳು

ಅವರ ಅಂಗಿಯ ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ, ಹಲ್ಲುಜ್ಜುವ ಬ್ರಷ್ಷು ಇರುತ್ತಿತ್ತು. ಮಸಿ ಹಿಡಿದು ಕಪ್ಪಾದ, ಎಳೆಗಳೆಲ್ಲ ಒಂದು ಪಕ್ಕಕ್ಕೆ ವಾಲಿದ ಹಳೇ ಬ್ರಷ್ಷು. ಜೇಬಿನ ಕೆಳಗೆ ಒಂದು ನೇರಳೆ ಕಲೆ. ಯಾವ ಅಂಗಿ ತೊಟ್ಟು ಬಂದರೂ ಕಲೆ ಮಾತ್ರ ಅದೇ ಜಾಗದಲ್ಲಿ. ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೋ ಒಡೆದು ಎರಡು ಸೀಳಾಗಿ ಬೆಳೆದಿತ್ತು. ಆ ಸೀಳಿನಲ್ಲಿ ಸಣ್ಣ ಸ್ಕ್ರೂ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದರು. ಅವರು ಬಂದು ಕೂತರೆ ಅಂಗಡಿಯೆಲ್ಲ ಪೆಟ್ರೋಲು ಮತ್ತು ಹೊಲಿಗೆ ಮಷಿನ್ನಿನ ಎಣ್ಣೆಯ ವಾಸನೆ.

ನಾವೆಲ್ಲ ಅವರನ್ನು ರಿಪೇರಿ ಕಾಕಾ ಎನ್ನುತ್ತಿದ್ದೆವು. ಕೊಟ್ಟೂರಿನವರು. ಟೈಪ್‌ರೈಟರ್ ರಿಪೇರಿ ಅವರ ಕಸುಬು. ಸೋಮವಾರ ಸ್ವಾಮಿಯ ವಾರವೆಂದು ಊರು ಬಿಡುತ್ತಿರಲಿಲ್ಲ. ಮಂಗಳವಾರ ನಮ್ಮ ಕೂಡ್ಲಿಗಿ, ಬುಧವಾರ ಹಗರಿಬೊಮ್ಮನಹಳ್ಳಿ, ಗುರುವಾರ ಹಡಗಲಿ, ಶುಕ್ರವಾರ ಹರಪನಹಳ್ಳಿ. ಹೆಗಲಿಗೆ ರೆಗ್ಜಿನ್ ಚೀಲ ಹಾಕಿಕೊಂಡು ಬಸ್ಸಿಳಿದರೆಂದರೆ ಕಚೇರಿಗಳ ಮುಂದೆ ಕೂತ ಟೈಪಿಸ್ಟರೆಲ್ಲ ಎದ್ದು ನಿಲ್ಲುತ್ತಿದ್ದರು. ಯಾವ ಊರಿನ ಯಾವ ಮಷಿನ್ನಿಗೆ ಯಾವ ಕಾಯಿಲೆ ಎಂಬುದು ಅವರಿಗೆ ಬಾಯಿಪಾಠ. ಕಾಯಿಲೆ ಯಾವುದೇ ಇರಲಿ, ಮೊದಲ ಮಾತು ಮಾತ್ರ ಒಂದೇ:

"ತಡಿ, ಒಂದ್ ಹನಿ ಎಣ್ಣಿ ಬಿಡಾನ."

ನಾನು ಕೂಡ್ಲಿಗಿಯ ಒಂದು ಜಾಬ್ ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅರ್ಜಿ, ಕ್ರಯಪತ್ರ, ಪಾಲುಪಟ್ಟಿ, ಯಾರದೋ ಜಗಳ, ಯಾರದೋ ಹೊಲ, ದಿನವಿಡೀ ಇದನ್ನೇ ಬಡಿಯುವುದು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಅವ್ವ ಮತ್ತು ತಂಗಿ ನನ್ನನ್ನೇ ನಂಬಿದ್ದರು. ಚಿಕ್ಕವಳಿದ್ದಾಗ ಬಾವಿಯ ರಾಟೆಗೆ ಸಿಕ್ಕಿ ನನ್ನ ಎಡಗೈಯ ಉಂಗುರ ಬೆರಳು, ಕಿರುಬೆರಳು ಎರಡೂ ಸೆಟೆದು ಹೋಗಿದ್ದವು. ನೋಡುವವರಿಗೆ ಗೊತ್ತಾಗುವುದಿಲ್ಲ, ಸೆರಗಿನಲ್ಲಿ ಮುಚ್ಚಿಕೊಳ್ಳುವಷ್ಟು ಜಾಣೆ ನಾನು. ಕೆಲಸಕ್ಕೆ ಸೇರುವಾಗ ಅಂಗಡಿಯ ಸಾವ್ಕಾರರಿಗೂ ಹೇಳಿರಲಿಲ್ಲ. ಕಾಕಾ ಮಾತ್ರ ಒಂದು ಮಂಗಳವಾರ ನಾನು ಟೈಪು ಮಾಡಿದ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಎಡಗೈ ಅಕ್ಷರ ಅಷ್ಟ ಯಾಕ ಮಂಕಾಗ್ಯಾವವ್ವ?"

"ರಿಬ್ಬನ್ ಹಳೇದಾಗೇತ್ರಿ ಕಾಕಾ."

"ರಿಬ್ಬನ್ ಹಳೇದಾದ್ರ ಬಲಗೈವೂ ಮಂಕಾಗಬೇಕಲ್ಲ. ಕೈ ತೋರ್ಸು."

ತೋರಿಸಿದೆ. ಅಯ್ಯೋ ಪಾಪ ಎನ್ನಲಿಲ್ಲ. ಹೆಣ್ಣುಮಗಳ ಕೈ ಎಂದು ಮುಟ್ಟಲೂ ಇಲ್ಲ. ಮಷಿನ್ನನ್ನು ಮಗ್ಗುಲಿಗೆ ಮಲಗಿಸಿ ಎಡಗಡೆಯ ಕೀಗಳ ಬಿಗಿ ಒಂದೊಂದಾಗಿ ಸಡಿಲಿಸುತ್ತಾ ಹೋದರು. ನಡುನಡುವೆ ನನ್ನ ಬೆರಳಿನಿಂದ ಒತ್ತಿಸಿ ನೋಡುವುದು, ಮತ್ತೆ ಬಿಚ್ಚುವುದು. ಅಂದಿನಿಂದ ನಾನು ಎಡಗೈಯ ಎರಡೇ ಬೆರಳಿನಲ್ಲಿ ಟೈಪು ಮಾಡಿದರೂ ಹಾಳೆಯ ಮೇಲೆ ಎರಡೂ ಕೈಯ ಅಕ್ಷರ ಒಂದೇ ಸಮ ಬೀಳತೊಡಗಿದವು. ಈ ಕೆಲಸಕ್ಕೆ ಅವರು ಸಾವ್ಕಾರರಿಗೆ ಹೇಳಿದ ಹೆಸರು 'ಸರ್ವಿಸಿಂಗ್'.

ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಕಂಪ್ಯೂಟರು ಬಂತು. ಅದು ಎಲ್ಲ ಊರಿಗೂ ಬಂದ ಹಾಗೆ ನಮ್ಮೂರಿಗೂ ಬಂತು, ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಸಾವ್ಕಾರರು ಒಂದನ್ನು ತಂದು ನನ್ನ ಮುಂದಿಟ್ಟರು. ಅಕ್ಷರ ಕೂಡುವ ಕ್ರಮ ಹಳೇ ಟೈಪಿಂಗಿನದೇ ಇಟ್ಟುಕೊಳ್ಳಲು ಬರುತ್ತಿತ್ತು, ಆ ಚಿಂತೆ ಇರಲಿಲ್ಲ. ತೊಂದರೆ ಕೊಟ್ಟದ್ದು ಅದರ ಕೀಬೋರ್ಡು. ಮಾರುದ್ದದ ಹಲಗೆ, ಒತ್ತಿದರೆ ನಾದಿದ ಹಿಟ್ಟಿಗೆ ಬೆರಳು ಇಟ್ಟ ಹಾಗೆ. ಅಕ್ಷರ ಬಿತ್ತೋ ಇಲ್ಲವೋ ಬೆರಳಿಗೆ ತಿಳಿಯದು. ತಿಳಿಯದೆ ಇದ್ದುದಕ್ಕೆ ಇನ್ನೂ ಜೋರಾಗಿ ಬಡಿಯುತ್ತಿದ್ದೆ. ಸಂಜೆಯ ಹೊತ್ತಿಗೆ ಮಣಿಕಟ್ಟು ಬಾತು, ಮನೆಯಲ್ಲಿ ರೊಟ್ಟಿ ತಟ್ಟಲು ಆಗುತ್ತಿರಲಿಲ್ಲ. ಪುಟಕ್ಕೆ ಹತ್ತು ಹನ್ನೆರಡು ತಪ್ಪು. ಒಂದು ಕ್ರಯಪತ್ರದಲ್ಲಿ ಹೊಲದ ನಾಲ್ಕು ಗಡಿಯ ಚೆಕ್ಕುಬಂದಿಯೇ ತಪ್ಪಾಗಿ, ಕೊಂಡವನು ಅಂಗಡಿಯ ಮುಂದೆ ನಿಂತು ಕೂಗಾಡಿ ಹೋದ.

ಸಾವ್ಕಾರರು ಕೆಟ್ಟವರಲ್ಲ. ಮೆತ್ತಗೇ ಹೇಳಿದರು: "ನಿನ್ನ ಮ್ಯಾಲ ನನಗೇನೂ ಸಿಟ್ಟಿಲ್ಲವ್ವ. ಉಗಾದಿ ತನಕ ನೋಡ್ತೀನಿ. ಆಗಲಿಲ್ಲಂದ್ರ ಕಂಪ್ಯೂಟರ್ ಕಲ್ತ ಹುಡುಗೀನ ಕರಕೊಂಡು ಬರಬೇಕಾಗತೈತಿ."

ಮುಂದಿನ ಮಂಗಳವಾರ ಕಾಕಾ ಬಂದಾಗ ಇದನ್ನು ಹೇಳಿದೆ. ಹೇಳಬಾರದಿತ್ತು, ಯಾಕೆಂದರೆ ಆ ಹೊತ್ತಿಗೆ ಅವರ ಕಥೆ ನನ್ನ ಕಥೆಗಿಂತ ಚೆನ್ನಾಗೇನೂ ಇರಲಿಲ್ಲ. ನಾಲ್ಕೂರಿನ ಮಷಿನ್ನುಗಳು ಒಂದೊಂದಾಗಿ ಮೂಲೆ ಸೇರುತ್ತಿದ್ದವು. ಬಸ್ಸಿಳಿದು ಬಂದು, ಚೀಲ ಬಿಚ್ಚದೆಯೇ ಚಹಾ ಕುಡಿದು ಹೋಗುವ ದಿನಗಳೇ ಹೆಚ್ಚು. "ಸಾಕಾಗೇತವ್ವ" ಎನ್ನುತ್ತಿದ್ದರು ಆಗಾಗ, ಯಾರಿಗೂ ಅಲ್ಲದ ಹಾಗೆ. ನನ್ನ ಮಾತು ಕೇಳಿಸಿಕೊಂಡು ಆ ಉದ್ದನೆಯ ಕೀಬೋರ್ಡನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ನಾಲ್ಕು ಕಡೆ ಒತ್ತಿ ನೋಡಿ ವಾಪಸಿಟ್ಟರು.

"ಇದಕ್ಕ ಜೀವಾನ ಇಲ್ಲಲ್ಲ. ಒಳಗ ಬರೇ ರಬ್ಬರ್ ಐತಿ."

ಆ ವಾರ ಹರಪನಹಳ್ಳಿಯ ಕೆಲಸ ಬೇಗ ಮುಗಿಯಿತಂತೆ; ಕೆಲಸವೇ ಇರಲಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಅಲ್ಲಿಂದ ದಾವಣಗೆರೆಗೆ ಹೋಗಿ ಗುಜರಿ ಅಂಗಡಿಯಲ್ಲಿ ಕೂತು, ರಾಶಿ ಬಿದ್ದ ಹಳೇ ಕೀಬೋರ್ಡುಗಳನ್ನು ಕಣ್ಣು ಮುಚ್ಚಿಕೊಂಡು ಒಂದೊಂದೇ ಒತ್ತಿ ನೋಡಿದ್ದಾರೆ. ಗುಜರಿಯವನು ನಕ್ಕನಂತೆ. ಮಂಗಳವಾರ ನನ್ನ ಮುಂದೆ ಪತ್ರಿಕೆಯಲ್ಲಿ ಸುತ್ತಿದ ಒಂದು ಗಂಟು ಬಿಚ್ಚಿದರು. ಗಿಡ್ಡ ಕೀಬೋರ್ಡು, ಬಲಗಡೆ ಅಂಕಿಗಳ ಚೌಕವೇ ಇಲ್ಲ. ಬಿಳಿ ಹೋಗಿ ಹಳದಿಯಾಗಿತ್ತು. ಕಬ್ಬಿಣದ ಜೊತೆ ತಕ್ಕಡಿಗೆ ಹಾಕಿ ಕೊಟ್ಟನಂತೆ, ಅಷ್ಟು ಅಗ್ಗ.

"ಒತ್ತು" ಎಂದರು.

ಒತ್ತಿದೆ. ಟಕ್ ಎಂದಿತು. ಬೆರಳು ಕೆಳಗೆ ಹೋಗಿದ್ದೂ ಗೊತ್ತಾಯಿತು, ಅದು ಬೆರಳನ್ನು ಮೇಲಕ್ಕೆ ಕಳಿಸಿದ್ದೂ ಗೊತ್ತಾಯಿತು. ನನಗೆ ಅಲ್ಲಿಯೇ ಅಳು ಬಂತು.

"ಒಳಗ ಸ್ಪ್ರಿಂಗ್ ಐತಿ ನೋಡವ್ವ, ಒಂದೊಂದು ಕೀಗೂ ಒಂದೊಂದು! ಇದು ನಮ್ಮ ಪೈಕೀದು." ಬಹಳ ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡೆ.

ಚೀಲ ಬಿಚ್ಚಿದರು. ಅವತ್ತು ಎಡಗಡೆಯ ಕೀಗಳ ಸ್ಪ್ರಿಂಗು ತೆಗೆದು ಒಂದೊಂದು ಸುತ್ತು ಕತ್ತರಿಸಿದರು. ಎರಡು ಜಾಸ್ತಿ ಗಿಡ್ಡವಾಗಿ, ಒತ್ತಿದ ಕೀ ಮೇಲೇಳದೆ ಅಲ್ಲೇ ಮಲಗಿತು. ಮೇಲಿನ ಸಾಲಿನಲ್ಲಿ ನಾನು ಎಂದೂ ಮುಟ್ಟದ ಕೀಗಳಿದ್ದವಲ್ಲ, ಅವುಗಳ ಸ್ಪ್ರಿಂಗು ಕಿತ್ತು ಇಲ್ಲಿಗೆ ಹಾಕಿದರು. ಅದರ ಮರುವಾರ, ಗಾಡಿಯ ನಂಬರ್ ಪ್ಲೇಟು ಬರೆಯುವವನಿಂದ ಬಣ್ಣ ತಂದು ಕೀಗಳ ಮೇಲೆ ಕನ್ನಡ ಅಕ್ಷರ ಬರೆದರು. ಕೆಲವು ಅಕ್ಷರ ಸೊಟ್ಟಗಾದವು. ನನ್ನ ಎಡಗೈಯ ಎರಡು ಬೆರಳು ಕೂರಬೇಕಾದ ಎರಡು ಕೀಗಳ ಮೇಲೆ ಒಂದೊಂದು ಸಾಸಿವೆ ಕಾಳು ಅಂಟಿಸಿದರು, ನೋಡದೆಯೇ ಜಾಗ ತಿಳಿಯಲಿ ಎಂದು. "ನಿಮ್ಮ ಚಿಗವ್ವನ ಒಗ್ಗರಣಿ ಡಬ್ಬಿಯಿಂದ ಕದ್ದು ತಂದೀನಿ" ಎಂದರು. ಗಿಡ್ಡ ಹಲಗೆಯಾದ್ದರಿಂದ ನನ್ನ ಬಲಗೈ ಎಡಗಡೆಯ ಅರ್ಧ ಕೆಲಸವನ್ನೂ ಎಟುಕಿಸಿಕೊಂಡು ಮಾಡತೊಡಗಿತು.

ಉಗಾದಿಗೆ ಮೊದಲಿನ ಮಂಗಳವಾರ ಸಾವ್ಕಾರರು ಒಂದು ಕಟ್ಟು ತಂದಿಟ್ಟರು. ಕಾನಹೊಸಹಳ್ಳಿಯ ಅಣ್ಣತಮ್ಮಂದಿರ ಪಾಲುಪಟ್ಟಿ, ಹದಿನಾಲ್ಕು ಪುಟ. ಸಂಜೆಗೆ ಬೇಕು, ಒಂದೂ ತಪ್ಪಿರಬಾರದು. ಇದೇ ನನ್ನ ಪರೀಕ್ಷೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನಾನು ಕಟ್ಟು ಬಿಚ್ಚಿ ಹಾಳೆ ಜೋಡಿಸಿಕೊಳ್ಳುತ್ತಿದ್ದೆ. ಕಾಕಾ ಬಂದವರು ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡರು.

"ತಡಿ, ಒಂದ್ ಹನಿ ಎಣ್ಣಿ ಬಿಡಾನ."

ನಾನೂ ಬೇಡ ಎನ್ನಲಿಲ್ಲ. ಎಷ್ಟು ವರ್ಷದಿಂದ ಕೇಳಿದ ಮಾತು! ಉದ್ದ ಮೂತಿಯ ಡಬ್ಬಿಯಿಂದ ಕೀಗೊಂದು ಹನಿಯಂತೆ ಎಲ್ಲದಕ್ಕೂ ಬಿಟ್ಟರು. ಬಟ್ಟೆಯಿಂದ ಒರೆಸಿ ನನ್ನ ಮುಂದಿಟ್ಟರು. ಮೊದಲ ಸಾಲು ಚೆನ್ನಾಗಿಯೇ ಬಿತ್ತು. ಎರಡನೇ ಸಾಲಿಗೆ ಅಕ್ಷರ ನುಂಗತೊಡಗಿತು. ಐದು ನಿಮಿಷಕ್ಕೆ ಅರ್ಧ ಕೀಗಳು ಸತ್ತುಹೋದವು. ಟೈಪ್‌ರೈಟರಿನ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ, ಎಣ್ಣೆ ಬೇಕು. ಇದರೊಳಗೆ ಎರಡು ಸಣ್ಣ ತಗಡು ಒಂದಕ್ಕೊಂದು ಮುಟ್ಟಿ ಕರೆಂಟು ಹಾಯಬೇಕು. ನಡುವೆ ಎಣ್ಣೆ ಕೂತರೆ ಮುಟ್ಟಿಯೂ ಮುಟ್ಟದ ಹಾಗೆ. ಇದು ಈಗ ಗೊತ್ತು. ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ನನ್ನ ಬಾಯಿಂದ ಬಂದದ್ದನ್ನು ಇವತ್ತಿಗೂ ಬರೆಯಲು ಮನಸ್ಸಾಗುವುದಿಲ್ಲ, ಆದರೆ ಬರೆಯಬೇಕು.

"ನಿಮ್ಮ ಮಷಿನ್ ಸತ್ವು ಅಂತ ನನ್ನ ಅನ್ನಕ್ಕೂ ಮಣ್ಣು ಹಾಕಿದ್ರಲ್ರಿ ಕಾಕಾ!"

ಅರ್ಜಿ ಬರೆಸಲು ಬಂದವರು ಬೆಂಚಿನ ಮೇಲೆ ಕೂತಿದ್ದರು. ಎಲ್ಲರೂ ಕಾಕಾನ ಕಡೆ ನೋಡಿದರು.

"ತಪ್ಪಾತವ್ವ" ಎಂದರು. ಅಷ್ಟೇ. ಕೀಬೋರ್ಡು ಎತ್ತಿಕೊಂಡು ಹೊರಗೆ ಜಗುಲಿಗೆ ಹೋಗಿ, ಬಿಸಿಲಿನಲ್ಲಿ ಪತ್ರಿಕೆ ಹಾಸಿಕೊಂಡು ಕೂತರು. ಒಂದೊಂದೇ ಕೀ ಎಬ್ಬಿಸಿ, ಒಳಗಿನದನ್ನು ಸೂಜಿಯ ಮೊನೆಯಿಂದ ಬಿಚ್ಚಿ, ಜೇಬಿನ ಬ್ರಷ್ಷನ್ನು ಪೆಟ್ರೋಲಿಗೆ ಅದ್ದಿ ತಗಡು ಉಜ್ಜಿದರು. ಎಂಬತ್ತಕ್ಕೂ ಹೆಚ್ಚು ಕೀ. ಊಟಕ್ಕೆ ಏಳಲಿಲ್ಲ. ಕರೆಯಲು ನಾನೂ ಹೋಗಲಿಲ್ಲ, ಸಿಟ್ಟು ಇಳಿದಿದ್ದರೂ. ಆ ಉದ್ದನೆಯ ರಬ್ಬರ್ ಕೀಬೋರ್ಡಿನಲ್ಲಿ ಎರಡು ಪುಟ ಬಡಿದು, ತಪ್ಪು ಎಣಿಸುತ್ತಾ ಕೂತಿದ್ದೆ. ಮೂರು ಗಂಟೆಗೆ ಕಾಕಾ ಒಳಗೆ ಬಂದು, ತಂತಿ ಸಿಕ್ಕಿಸಿ, ನನ್ನ ಮುಂದೆ ಸರಿಸಿದರು. ಬೆರಳ ತುದಿಗಳು ಪೆಟ್ರೋಲಿಗೆ ಬಿಳುಚಿ ಸುಕ್ಕಾಗಿದ್ದವು.

ಎಲ್ಲ ಕೀಗಳೂ ನುಡಿದವು. ನಾನು ತಲೆ ಎತ್ತದೆ ಹದಿನಾಲ್ಕು ಪುಟ ಮುಗಿಸಿದೆ. ಸಾವ್ಕಾರರು ಪೆನ್ಸಿಲ್ ಹಿಡಿದು ಕೊನೆಯ ಸಾಲಿನವರೆಗೂ ಓದಿ, ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡರು. "ಹಬ್ಬ ಮುಗಿಸಿಕೊಂಡು ಲಗೂನ ಬಾರವ್ವ, ಕೆಲಸ ಬಾಳ ಐತಿ" ಎಂದರು. ಬೇರೆ ಹುಡುಗಿಯ ಮಾತು ಮತ್ತೆ ಬರಲಿಲ್ಲ. ಇದನ್ನು ಹೇಳೋಣವೆಂದು ತಿರುಗಿ ನೋಡಿದರೆ ಕಾಕಾ ಇರಲಿಲ್ಲ. ಐದರ ಬಸ್ಸಿಗೆ ಹೋದರು ಎಂದು ಬೆಂಚಿನ ಮೇಲಿದ್ದವರು ಹೇಳಿದರು.

ಹಬ್ಬ ಕಳೆದ ಮೇಲಿನ ಮಂಗಳವಾರ ಏನೂ ಆಗದವರಂತೆ ಬಂದರು. ನಾನೂ ಏನೂ ಆಗದವಳಂತೆ ಚಹಾ ತರಿಸಿದೆ. ಇವತ್ತು ಕ್ಷಮೆ ಕೇಳೋಣ, ಮುಂದಿನ ವಾರ ಕೇಳೋಣ ಎನ್ನುತ್ತಲೇ ವರ್ಷಗಳು ಹೋದವು. ಅವರ ನಾಲ್ಕೂರಿನ ತಿರುಗಾಟ ಮೂರಕ್ಕೆ ಇಳಿಯಿತು, ಆಮೇಲೆ ಒಂದಕ್ಕೆ. ಹೊಲಿಗೆ ಮಷಿನ್ನು, ಸ್ಟೋವು ಎಂದು ಸಿಕ್ಕದ್ದನ್ನು ರಿಪೇರಿ ಮಾಡಿದರು. ಕೆಲಸವಿರಲಿ ಇಲ್ಲದಿರಲಿ ಮಂಗಳವಾರ ಮಾತ್ರ ನಮ್ಮ ಅಂಗಡಿಯ ಬೆಂಚಿಗೆ ಬಂದು ಕಣ್ಣು ಮುಚ್ಚಿ ಕೂರುತ್ತಿದ್ದರು. ನಿದ್ದೆ ಎಂದುಕೊಂಡು ನಾನು ಕೈ ನಿಲ್ಲಿಸಿದರೆ, "ಬಡಿ ಬಡಿ, ಕೇಳಾಕತ್ತೀನಿ" ಎನ್ನುತ್ತಿದ್ದರು. ಒಂದೊಂದು ದಿನ, "ಎಡಗಡೆ ಮೂರನೇದ್ದು ದಣದೈತಿ" ಎಂದು ಕೂತಲ್ಲಿಂದಲೇ ಹೇಳುವರು. ಎದ್ದು ಬಂದು ಸ್ಪ್ರಿಂಗು ಬದಲಿಸುವರು. ಎಣ್ಣೆಯ ಡಬ್ಬಿಯನ್ನು ಮಾತ್ರ ನಮ್ಮ ಅಂಗಡಿಯಲ್ಲಿ ಅವರು ಚೀಲದಿಂದ ಹೊರಗೆ ತೆಗೆದದ್ದನ್ನು ಮತ್ತೆ ನೋಡಲಿಲ್ಲ.

ಒಂದು ಮಂಗಳವಾರ ಬರಲಿಲ್ಲ. ಮುಂದಿನದಕ್ಕೂ ಇಲ್ಲ. ಕೊಟ್ಟೂರು ಬಸ್ಸಿನ ಕಂಡಕ್ಟರು ಸುದ್ದಿ ತಂದ. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದು ನಾಲ್ಕು ದಿನವಾಗಿತ್ತು. ಕಾಕಾನ ಹೆಂಡತಿಯನ್ನು ನಾನು ಅವತ್ತೇ ಮೊದಲು ನೋಡಿದ್ದು. ಅವರು ಮೊದಲು ನನ್ನ ಮುಖ ನೋಡಿದರು, ಆಮೇಲೆ ನನ್ನ ಎಡಗೈ.

"ನೀನ ಹೌದಲ್ಲವ್ವ, ಕೂಡ್ಲಿಗಿ ಹುಡುಗಿ? ನನ್ನ ಸಾಸಿವಿ ಕದ್ದಿದ್ದು ನಿನ್ನ ಸಲುವಾಗೇ ಅಂತ" ಎಂದು ನಗಲು ಹೋಗಿ ಸೆರಗು ಬಾಯಿಗೆ ಒತ್ತಿಕೊಂಡರು. ಎದ್ದು ಹೋಗಿ ಗೂಡಿನಿಂದ ಒಂದು ಸಣ್ಣ ತಗಡಿನ ಡಬ್ಬಿ ತಂದರು. "ಹಾಸಿಗಿ ಹಿಡಿಯೋಕಿಂತ ಮುಂಚೇನ ಮಾಡಿಟ್ಟಾರ. ಆಕಿ ಬರ್ತಾಳ, ಕೊಡು ಅಂದಿದ್ರು."

ಒಳಗೆ ಸ್ಪ್ರಿಂಗುಗಳಿದ್ದವು. ಎಡಗಡೆಯ ಒಂದೊಂದು ಕೀಗೂ ಬೇರೆ ಬೇರೆ ಕಾಗದದ ಪೊಟ್ಟಣ, ಪೊಟ್ಟಣದ ಮೇಲೆ ಆ ಕೀಯ ಅಕ್ಷರ. ಎಲ್ಲವೂ ಅಳತೆಗೆ ಕತ್ತರಿಸಿದವು. ಒಂದು ಪೊಟ್ಟಣದಲ್ಲಿ ಸಾಸಿವೆ ಕಾಳು. ಡಬ್ಬಿ ಮುಚ್ಚಿದಾಗ ಮುಚ್ಚಳದ ಮೇಲೆ ಅಂಟಿಸಿದ್ದ ಚೀಟಿ ಕಂಡಿತು. ಸೊಟ್ಟ ಅಕ್ಷರದಲ್ಲಿ, ಕೆಳಗೆ ಎರಡು ಗೆರೆ ಎಳೆದು ಬರೆದಿದ್ದರು: 'ಎಣ್ಣಿ ಹಾಕಬಾರದು.'

ಈಗ ನನಗೂ ವಯಸ್ಸಾಯಿತು. ಬೆರಳು ಬೇಗ ದಣಿಯುತ್ತವೆ. ಕಂಪ್ಯೂಟರು ನಾಲ್ಕು ಬದಲಾದವು, ಕೀಬೋರ್ಡು ಅದೇ. ಡಬ್ಬಿಯಲ್ಲಿ ಇನ್ನು ಕೆಲವೇ ಸ್ಪ್ರಿಂಗು ಉಳಿದಿವೆ, ಒಂದೊಂದನ್ನು ತೆಗೆಯುವಾಗಲೂ ಆ ಚೀಟಿಯನ್ನು ಓದಿಯೇ ಮುಚ್ಚಳ ತೆರೆಯಬೇಕು. ತಪ್ಪಾಯಿತು ಎಂದು ಹೇಳಬೇಕಾದವಳು ನಾನು. ಹೇಳಿದವರು ಅವರು, ಅದೂ ಎರಡು ಸಲ, ಬಾಯಲ್ಲಿ ಒಮ್ಮೆ, ಚೀಟಿಯಲ್ಲಿ ಒಮ್ಮೆ.