ಜನಕಪುರಿಯಲ್ಲಿ ಎತ್ತರದ ಮಾತು

ದೆಹಲಿಯಲ್ಲಿ ಹೊಸದಾಗಿ ಮೆಟ್ರೋ ಬಂದಿರುವ ಜನಕಪುರಿ. ಕುಂದಾಪುರದವರ ಹೋಟೆಲಿನಲ್ಲಿ ಕೂತು, ಈಗಷ್ಟೇ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ವಾಯುಪಡೆಯಲ್ಲಿ ಪೈಲಟ್ ಆಗಿರುವ ನನ್ನ ಅಕ್ಕನ ಮಗ ಸುಹಾಸ ನಾಳೆ ಫ್ರಾನ್ಸಿನ ವಾಯುಪಡೆಯಲ್ಲಿ ತರಬೇತಿಗೆ ಹೊರಡುತ್ತಾನೆ. ಅವನನ್ನು ಕಳಿಸಿಕೊಡಲು ಅಕ್ಕನೂ ನಾನೂ ದೆಹಲಿಗೆ ಬಂದಿದ್ದೇವೆ. ಫ್ರಾನ್ಸಿನಲ್ಲಿ ಅವನಿಗೆ ಕಲಿಸಲಿರುವ ಅಲ್ಲಿಯ ಅಧಿಕಾರಿಯೂ ಇಂದು ನಮ್ಮ ಜೊತೆ ಊಟಕ್ಕೆ ಬಂದಿದ್ದರು.

ಅಕ್ಕನಿಗೆ ಇಂಗ್ಲಿಷ್ ಬಾರದು. ಬೆಳಗಿನಿಂದ ಅವಳಿಗೆ ಒಂದೇ ಚಿಂತೆ. "ಇವರ ವಿಮಾನ ಎಷ್ಟು ಎತ್ತರ ಹೋಗುತ್ತೆ, ಕೇಳೋ" ಎಂದಳು.

ಸುಹಾಸ ಕೇಳಿದ. "ನಲವತ್ತೈದು ಸಾವಿರ ಅಡಿ" ಎಂದು ಅಧಿಕಾರಿ ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಹೇಳಿದರು.

ಸುಹಾಸ ತಾಯಿಯ ಮುಖ ನೋಡಿ ಅನುವಾದಿಸಿದ: "ತೆಂಗಿನಮರದಷ್ಟೇ, ಅಮ್ಮಾ."

ಅಕ್ಕ ಎದೆ ಹಿಡಿದುಕೊಂಡಳು. "ಅಯ್ಯೋ, ಅಷ್ಟು ಕೆಳಗಾ? ಕರೆಂಟ್ ತಂತಿ ಇರುತ್ತಲ್ಲೋ! ಇನ್ನೂ ಮೇಲೆ ಹಾರಿಸೋಕೆ ಹೇಳು."

"ಏನಂತೆ?" ಎಂದರು ಅಧಿಕಾರಿ.

"ನನ್ನನ್ನು ಇನ್ನೂ ಎತ್ತರ ಹಾರಿಸಬೇಕಂತೆ."

ಅಧಿಕಾರಿ ಚಮಚ ಕೆಳಗಿಟ್ಟು, ಎದ್ದು ನಿಂತು ಅಕ್ಕನಿಗೆ ಸೆಲ್ಯೂಟ್ ಹೊಡೆದರು. ಅಕ್ಕ ಗಡಿಬಿಡಿಯಲ್ಲಿ ಕೈಮುಗಿದು, ನನ್ನ ಕಿವಿಯಲ್ಲಿ ಹೇಳಿದಳು: "ಪಾಪ, ಒಳ್ಳೆಯವರು ಕಣೇ. ತಪ್ಪು ತೋರಿಸಿದರೆ ತಿದ್ದಿಕೊಳ್ತಾರೆ."