ಪಾಟೀಲರ ಟ್ರ್ಯಾಕ್‌ಬಾಲ್

ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರಲ್ಲಿ ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರ್ ಆಗಿದ್ದು, ನಿವೃತ್ತನಾದ ಮರುವರ್ಷದ ಮಾತಿದು. ಕಂಟ್ರೋಲ್ ಪ್ಯಾನೆಲ್‌ಗಳ ವೈರಿಂಗ್‌ನಲ್ಲೇ ನನ್ನ ಆಯುಷ್ಯ ಕಳೆದಿತ್ತು. ಆದರೂ ಮರೆಯಲಾಗದ ಕೆಲಸ ಕಾರ್ಖಾನೆಯದಲ್ಲ. ದಿಲ್‌ಸುಖ್‌ನಗರದ ಮನೆಯೊಂದರ ವಿಡಿಯೊ ಗೇಮ್ ಪೆಟ್ಟಿಗೆಯದು.

ನನ್ನ ಸಹೋದ್ಯೋಗಿಯಾಗಿದ್ದ ಬಸವರಾಜ ಪಾಟೀಲರು ಬೀದರ್ ಕಡೆಯವರು. ಲಕ್ವ ಹೊಡೆದು ಅವರ ಬಲಗೈ ಸೋತಿತ್ತು. ವ್ಯಾಯಾಮಕ್ಕೆಂದು ರಬ್ಬರ್ ಚೆಂಡು ಕೊಟ್ಟರೆ "ನಾ ಏನ್ ಸಣ್ಣ ಕೂಸೇನು?" ಎಂದು ಎಸೆಯುತ್ತಿದ್ದರು. ಹರೆಯದಲ್ಲಿ ಅವರಿಗೆ ಗೇಮ್ ಪಾರ್ಲರ್‌ಗಳ ಹುಚ್ಚಿತ್ತು. ಅದನ್ನು ಬಲ್ಲ ಹೆಂಡತಿ ಮಹಾದೇವಿಯವರು ಕೈಗೆ ವ್ಯಾಯಾಮವಾಗಲೆಂದು ಅಲ್ಲಿನಂಥದೇ ಆಟದ ಪೆಟ್ಟಿಗೆಯನ್ನು ಮನೆಯಲ್ಲಿ ಮಾಡಿಸಲು ಹೊರಟರು. ಜಾಯ್‌ಸ್ಟಿಕ್ಕಿನ ಕೋಲು ಹಿಡಿಯಲು ಬೆರಳಿಗೆ ಬಲ ಬೇಕು. ಟ್ರ್ಯಾಕ್‌ಬಾಲ್ ಹಾಗಲ್ಲ, ಹಲಗೆಯಲ್ಲಿ ಅರ್ಧ ಹುದುಗಿದ ಚೆಂಡನ್ನು ಅಂಗೈಯಿಂದ ಉರುಳಿಸಿದರೆ ಸಾಕು. ಪಕ್ಕದಲ್ಲೊಂದು ಸ್ಪಿನ್ನರ್, ಅಂದರೆ ಎಷ್ಟು ತಿರುವಿದರೂ ತಿರುಗುವ ಗುಂಡಿ.

ಕೆಲಸ ವಹಿಸಿಕೊಂಡವನು ಮಹಾದೇವಿಯವರ ತಮ್ಮ ಸುಧಾಕರ. ಗಚ್ಚಿಬೌಲಿಯ ಕಂಪನಿಯೊಂದರಲ್ಲಿ 'ಇನ್ನೊವೇಶನ್ ಹೆಡ್'. ಅಲ್ಲಿ ಇವನಿಂದ ಏನು ಹೊಸದು ಹುಟ್ಟಿತೋ ನನಗೆ ಇವತ್ತಿಗೂ ತಿಳಿದಿಲ್ಲ. ಪೆಟ್ಟಿಗೆಗೆ ನೀಲಿ ದೀಪ, ಹೊಳೆಯುವ ಸ್ಟಿಕರ್, ತನ್ನದೇ ಹೆಸರಿನ ಹಿತ್ತಾಳೆ ಫಲಕ ಎಲ್ಲ ಜಡಿದ. ಒಂದೊಂದು ಸ್ಕ್ರೂ ತಿರುವಿದಾಗಲೂ ವಿಡಿಯೊ. ಉದ್ಘಾಟನೆಗೆಂದು ಬಂಧುಗಳ ಜೊತೆ ನನ್ನನ್ನೂ ಕರೆದ.

ಪಾಟೀಲರು ಚೆಂಡಿನ ಮೇಲೆ ಅಂಗೈಯಿಟ್ಟು ಉರುಳಿಸಿದರು. ಪರದೆಯ ಮೇಲಿನ ಬಾಣದ ಗುರುತು ಮುಂದೆ ಸರಿಯಲಿಲ್ಲ, ಇದ್ದಲ್ಲೇ ನಡುಗಿತು. ಮತ್ತೆ ಉರುಳಿಸಿದರು. ಮತ್ತೆ ಅದೇ.

"ಭಾವಾರ ಕೈನ ನಡಗಾಕತ್ತೈತಿ. ಮಶೀನ್ ಪಾಪ, ಏನ್ ಮಾಡ್ತೈತಿ?" ಎಂದು ಸುಧಾಕರ ಕ್ಯಾಮೆರಾ ಕಡೆ ತಿರುಗಿ ನಕ್ಕ. ಒಂದಿಬ್ಬರು ಅವನೊಡನೆ ನಕ್ಕರು. ಪಾಟೀಲರು ಕೈಯನ್ನು ಶಾಲಿನೊಳಗೆ ಎಳೆದುಕೊಂಡು ಗೋಡೆ ಕಡೆ ಮುಖ ಮಾಡಿದರು.

ನಾನೇ ಎದ್ದು ಹೋಗಿ ಚೆಂಡು ಉರುಳಿಸಿದೆ. ಅದೇ ನಡುಕ.

"ನನಗೂ ಲಕ್ವ ಹೊಡದೈತೇನಪಾ?"

"ಸಾಫ್ಟ್‌ವೇರ್ ಇಶ್ಯೂ ಅಂಕಲ್. ನಿಮ್ಮ ಕಾಲದ್ದಲ್ಲ ಇದು."

ಹಿಂಬದಿಯ ಹಲಗೆ ಬಿಚ್ಚಿದೆ. ಟ್ರ್ಯಾಕ್‌ಬಾಲಿನಲ್ಲಿ ಎರಡು ಉರುಳೆಗಳಿರುತ್ತವೆ. ಒಂದು ಎಡ-ಬಲದ ಚಲನೆಗೆ, ಇನ್ನೊಂದು ಮೇಲೆ-ಕೆಳಗಿನದಕ್ಕೆ. ಪ್ರತಿಯೊಂದರಿಂದಲೂ ಎರಡೆರಡು ಸಿಗ್ನಲ್ ತಂತಿಗಳು ಬರುತ್ತವೆ. ಜೋಡಿಯಲ್ಲಿ ಯಾವ ಸಿಗ್ನಲ್ ಮೊದಲು ಬಂತು ಎನ್ನುವುದರಿಂದಲೇ ಚೆಂಡು ಯಾವ ಕಡೆ ಉರುಳಿತೆಂದು ಸಿಗ್ನಲ್ ಓದುವ ಎನ್‌ಕೋಡರ್ ಬೋರ್ಡಿಗೆ ತಿಳಿಯುವುದು. ಈ ಮಹಾಶಯ ವಿಡಿಯೊದಲ್ಲಿ ಚಂದ ಕಾಣಲೆಂದು ಎಲ್ಲ ತಂತಿಯನ್ನೂ ಕಪ್ಪು ಬಣ್ಣದ್ದೇ ಹಾಕಿ, ಒಂದು ಜೋಡಿಯ ತಂತಿಯನ್ನು ಇನ್ನೊಂದರ ಜೊತೆ ಬೆರೆಸಿದ್ದ. ಸ್ಪಿನ್ನರ್‌ನ ತಂತಿಗಳೂ ಅದಲುಬದಲು. ಬಲಕ್ಕೆ ತಿರುವಿದರೆ ಎಡಕ್ಕೆ ಓಡುತ್ತಿತ್ತು. ಒಮ್ಮೆಯೂ ತಾನೇ ಆಡಿ ನೋಡಿರಲಿಲ್ಲ.

ಮಲ್ಟಿಮೀಟರ್ ಹಿಡಿದು ಒಂದೊಂದೇ ತಂತಿಯನ್ನು ಗುರುತಿಸಿ ಅದರ ಜಾಗಕ್ಕೆ ಸೇರಿಸಿದೆ. ಚೆಂಡು ಹೇಳಿದ ಕಡೆ ಬಾಣ ಸಾಗಿತು. ಆದರೆ ಪಾಟೀಲರು ಅಲುಗಲಿಲ್ಲ. ಮಹಾದೇವಿಯವರೇ ಹತ್ತಿರ ಕೂತರು.

"ತಪ್ಪು ನಿಮ್ಮ ಕೈದು ಅಲ್ಲರಿ. ವೈರ್ ಉಲ್ಟಾ ಆಗಿದ್ವು. ಏಳ್ರಿ."

ಶಾಲು ಸರಿಯಿತು. ಸೋತ ಕೈ ಚೆಂಡನ್ನು ಮೆಲ್ಲಗೆ ತಳ್ಳಿತು. ಬಾಣವೂ ಮೆಲ್ಲಗೆ, ನೇರವಾಗಿ ಹೋಯಿತು. ಪಾಟೀಲರು ಆಟ ಶುರು ಮಾಡಿದರು. ಊಟಕ್ಕೆ ಕರೆದರೂ ಏಳಲಿಲ್ಲ.

ಆಗ ಸುಧಾಕರ ಫೋನ್ ಹಿಡಿದು ಅಡ್ಡ ಬಂದ. "ಭಾವಾ, ಈ ಕಡೆ ನೋಡಿ ಸ್ವಲ್ಪ ನಗ್ರಿ."

ತೊದಲುವ ನಾಲಿಗೆಯಲ್ಲೂ ಪಾಟೀಲರ ಮಾತು ಸ್ಪಷ್ಟವಾಗಿತ್ತು: "ಸರಿ ಅತ್ಲಾಗ. ಆಟ ನಡದೈತಿ."

ಕಾರ್ಖಾನೆಯಲ್ಲೂ ಸುಧಾಕರನಂಥವರನ್ನು ಕಂಡಿದ್ದೇನೆ. ಅಲಾರಂ ಹೊಡೆದುಕೊಂಡರೆ ಸಾಕು, ಪ್ಯಾನೆಲ್ ಬಾಗಿಲು ತೆರೆಯುವ ಮೊದಲೇ ಆಪರೇಟರ್‌ನ ತಪ್ಪೆಂದು ತೀರ್ಪು ಕೊಡುವವರು. ವೃತ್ತಿ ನನಗೆ ಕಲಿಸಿದ್ದು ಇಷ್ಟು: ತಂತಿ ನೋಡದೆ ಕೈಯನ್ನು ದೂರುವವನ ಕೈಗೆ ಸ್ಕ್ರೂಡ್ರೈವರ್ ಕೊಡಬಾರದು.