ಹೀರೆ ನಾರಿನ ಕಾಫಿ ತೋಟ

ನಮ್ಮ ಹೆಡ್‌ಮೇಷ್ಟರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಸತ್ತವರ ಮೇಲೆ ಹಗೆ ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡದ್ದು ಅವರು ಬದುಕಿದ್ದಾಗ. ಸತ್ತರು ಎಂದು ಅದನ್ನು ಎಸೆಯಲು ನನಗೆ ಮನಸ್ಸು ಬಂದಿಲ್ಲ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಬಯಲು ಕಡೆಯ ಕುಶಾಲನಗರದ ಹತ್ತಿರದ ಒಕ್ಕಲು ಮನೆಯ ಹುಡುಗಿ ನಾನು, ಪೊನ್ನಂಪೇಟೆಯಾಚೆಯ ಒಂದು ಹಳ್ಳಿಗೆ ಟೀಚರಾಗಿ ಬಂದಿದ್ದೆ. ಜೊತೆಗೆ ಅವ್ವ. ಅಪ್ಪ ಹೋದ ಮೇಲೆ ನನ್ನ ಸಂಬಳವೇ ನಮ್ಮಿಬ್ಬರಿಗೂ ಗತಿ. ಗಂಡು ದಿಕ್ಕಿಲ್ಲದ ಪರವೂರಿನ ಹೆಂಗಸರಿಗೆ ಅಲ್ಲಿ ಮನೆ ಕೊಟ್ಟವರು ಒಬ್ಬರೇ, ಊರಿನ ತಕ್ಕರು. ದೇವಸ್ಥಾನದ ಹಿರಿತನ ಅವರ ಮನೆತನದ್ದು, ದೇವರ ಕಾಡಿನ ಕಾವಲೂ ಅವರದೇ. ಆ ಕಾಡಿನಿಂದ ಒಂದು ಒಣಕಡ್ಡಿಯನ್ನೂ ತರುವಂತಿಲ್ಲ. ತಂದವರಿಗೆ ಊರಲ್ಲಿ ಜಾಗವಿಲ್ಲ.

ಆ ವರ್ಷ ಮಡಿಕೇರಿಯ ವಸ್ತುಪ್ರದರ್ಶನಕ್ಕೆ ನಮ್ಮ ಶಾಲೆಯಿಂದ ಕಾಫಿ ತೋಟದ ಮಾದರಿ ಕಳಿಸಬೇಕೆಂದಾಯಿತು. ಬೆಟ್ಟ, ಬಂಗಲೆ, ಕೂಲಿಯವರ ಲೈನುಮನೆ ಹೆಡ್‌ಮೇಷ್ಟರ ಪಾಲು. ಗಿಡಗಳು ನನ್ನ ಪಾಲು. ಅವರು ಹಲಗೆಯ ಮೇಲೆ ಕೆಮ್ಮಣ್ಣು ಮೆತ್ತಿ ಮಾಡಿದ ಬೆಟ್ಟ ಮಗುಚಿಟ್ಟ ಬಾಣಲೆಯ ಹಾಗಿತ್ತು.

ಗಿಡಕ್ಕೆ ನನಗೆ ಸಿಕ್ಕಿದ್ದು ಅವ್ವ ಮೈ ಉಜ್ಜಲು ಒಣಗಿಸಿಟ್ಟಿದ್ದ ಹೀರೆಕಾಯಿಯ ನಾರು. ಗೋಣಿಕೊಪ್ಪಲಿನ ಸಂತೆಯಿಂದ ಬಟ್ಟೆಗೆ ಹಾಕುವ ಹಸಿರು ಬಣ್ಣದ ಪುಡಿ ತಂದು, ಕುದಿಸಿ, ನಾರನ್ನು ಅದ್ದಿ ತೆಗೆದೆ. ಉಳಿದ ಬಣ್ಣದಲ್ಲಿ ಗರಗಸದ ಹೊಟ್ಟು ನೆನೆಸಿ ಒಣಗಿಸಿ, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದೆ. ಒಣ ಕಡ್ಡಿಯ ತುಂಡಿಗೆ ನಾರಿನ ಎಳೆ ಸುತ್ತಿ, ಮೈದಾ ಅಂಟು ಸವರಿ, ಮೇಲೆ ಆ ಹೊಟ್ಟು ಉದುರಿಸಿದರೆ ಎಲೆ. ಮೊದಲು ಮಾಡಿದ ಗಿಡಗಳು ಹೂಕೋಸಿನ ಹಾಗಾದವು. ತೋಟದಲ್ಲಿ ಕಾಫಿ ಗಿಡದ ತಲೆ ಕತ್ತರಿಸುತ್ತಾರೆ, ಅದು ಮೇಲೆ ಹೋಗದೆ ಅಗಲಕ್ಕೆ ಹರಡುತ್ತದೆ ಎಂಬುದು ಆಮೇಲೆ ಹೊಳೆಯಿತು. ನಾನೂ ಕತ್ತರಿ ಹಿಡಿದು ತಲೆ ಸವರಿದೆ. ಶಾಲೆ ಬಿಟ್ಟ ಮೇಲಿನ ಸಂಜೆಗಳೆಲ್ಲ ಅದಕ್ಕೇ ಹೋದವು, ಆದರೆ ಬೆಟ್ಟದ ತುಂಬ ತೋಟ ಎದ್ದಿತು.

ಶಾಲೆಗೆ ನೋಡಲು ಬಂದ ಊರವರೆಲ್ಲ ಗಿಡ ಮುಟ್ಟಿ ಮುಟ್ಟಿ ನೋಡಿದರು. ಬೆಟ್ಟ ಯಾರು ಮಾಡಿದ್ದು ಎಂದು ಒಬ್ಬರೂ ಕೇಳಲಿಲ್ಲ. ಹೆಡ್‌ಮೇಷ್ಟರ ಹೊಟ್ಟೆಗೆ ಕಿಚ್ಚು ಬಿತ್ತು. ಮಾರನೇ ದಿನವೇ ತಕ್ಕರ ಮನೆಗೆ ಹೋಗಿ ಚಾಡಿ ಹೇಳಿದರು: ಇದು ಕೈಯಲ್ಲಿ ಮಾಡಿದ್ದಲ್ಲ, ದೇವರ ಕಾಡಿನ ಪಾಚಿ, ಬಯಲುಸೀಮೆಯವರಿಗೆ ದೇವರ ಕಾಡೂ ಒಂದೇ, ಬೇಲಿಯೂ ಒಂದೇ. ಸುದ್ದಿ ಕೇಳಿದ ಅವ್ವ ಪಾತ್ರೆಪಗಡ ಗಂಟು ಕಟ್ಟತೊಡಗಿದಳು. ಮನೆ ಹೋದರೆ ಆ ಊರಿನ ಕೆಲಸವೂ ಹೋದ ಹಾಗೆಯೇ. ನಾನು ಅವಳು ಕಟ್ಟಿದ ಗಂಟನ್ನು ಬಿಚ್ಚಿದೆ.

ತಕ್ಕರು ಶಾಲೆಗೆ ಬಂದರು. ಕೂಗಾಡಲಿಲ್ಲ. ಒಂದು ಬೋಗುಣಿ ನೀರು ತರಿಸಿದರು.

"ಪಾಚಿ ಆದ್ರೆ ನೀರು ಕುಡ್ದು ಚಿಗುರ್ತದೆ ಟೀಚರೇ. ಹಾಕಿ, ನೋಡುವ."

ಒಂದು ಗಿಡ ಹಾಕಿದೆ. ಎಲೆಯೆಲ್ಲ ಉದುರಿ, ನೀರು ಹಸಿರಾಗಿ, ಬರೀ ನಾರು ತೇಲಿತು. ತಕ್ಕರು ಸಾಕೆಂದು ಕೈ ಎತ್ತಿದರು. ಹೆಡ್‌ಮೇಷ್ಟರಿಗೆ ಸಾಕಾಗಲಿಲ್ಲ.

"ಇದೊಂದು ನಾರಿಂದೇ ಇರಬಹುದು. ಉಳಿದದ್ದು?"

ನನಗೆ ತಲೆ ಕೆಟ್ಟಿತು. ಬೆಟ್ಟದ ಮೇಲಿದ್ದ ಗಿಡಗಳನ್ನೆಲ್ಲ ಹಿಡಿಹಿಡಿಯಾಗಿ ಕಿತ್ತು ನೀರಿಗೆ ಸುರಿದೆ, ಒಂದನ್ನೂ ಉಳಿಸಲಿಲ್ಲ. ತಕ್ಕರು ಬಾಗಿ, ಬೆರಳಲ್ಲಿ ಕಲಕಿ ನೋಡಿ, ಎಲ್ಲ ನಾರೇ, ಮನೆ ಬಿಡುವ ಮಾತಿಲ್ಲ ಎಂದು ಅಮ್ಮನಿಗೆ ಹೇಳಿ ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ, ಸಿಟ್ಟಿಗೆ.

ಆಗ ಹೆಡ್‌ಮೇಷ್ಟರು ಏನೂ ಆಗದವರ ಹಾಗೆ, ನಾಳೆ ಲಾರಿ ಬರುತ್ತದೆ, ಅಷ್ಟರೊಳಗೆ ಬೇರೆ ಗಿಡ ಮಾಡಿಕೊಡಿ ಎಂದರು.

"ಪಾಚಿಯೋ ಬಣ್ಣವೋ, ನೀವೇ ನೋಡ್ಕಳಿ ಸಾರ್," ಎಂದು ಬೋಗುಣಿ ಎತ್ತಿ ಅವರ ಮೈಮೇಲೆ ಸುರಿದೆ. ಕೋಟಿನಿಂದ ಹಿಡಿದು ಬಿಳಿ ಪಂಚೆಯ ಅಂಚಿನವರೆಗೆ ಹಸಿರು ಇಳಿಯಿತು. ಅವರು ಮೇಲಿನವರಿಗೆ ದೂರು ಕೊಡುತ್ತೇನೆಂದು ಹಾರಾಡಿದರು. ತಕ್ಕರು ಮೀಸೆ ಒರೆಸಿಕೊಂಡರು.

"ಬೋಗುಣಿ ಜಾರಿತು ಮೇಷ್ಟ್ರೇ. ನಾನೇ ನೋಡಿದ್ದೇನೆ."

ಬೆಟ್ಟ ಬೋಳಾಗಿಯೇ ಮಡಿಕೇರಿಗೆ ಹೋಯಿತು. ಅವ್ವ ಆ ನಾರನ್ನೆಲ್ಲ ಹಿಂಡಿ ಒಣಗಿಸಿ ಬಚ್ಚಲಿಗೆ ಇಟ್ಟುಕೊಂಡಳು. ನನ್ನ ಗಿಡಗಳಿಂದ ಕಣ್ಣೆದುರೇ ಬಿಟ್ಟುಹೋದ ಬಣ್ಣ ಅವರ ಹತ್ತಿ ಪಂಚೆಯಿಂದ ಮಾತ್ರ ಬಿಡಲಿಲ್ಲ. ಹೊಸದು ಕೊಳ್ಳಲು ಅವರ ಜಿಪುಣತನ ಬಿಡಲಿಲ್ಲ. ಅದನ್ನೇ ಉಟ್ಟು ಅವರು ಶಾಲೆಗೆ ಬರುತ್ತಿದ್ದರು. ನಾನು ದಿನಾ ಬೆಳಿಗ್ಗೆ ಎದ್ದು ನಿಂತು, ಆ ಕಲೆಯನ್ನೇ ನೋಡುತ್ತಾ, ನಮಸ್ಕಾರ ಸಾರ್ ಎನ್ನುತ್ತಿದ್ದೆ.